ಎಲೆಯ ಕೆಳಗಿನ ಕೈ

ಶನಿವಾರ ಹನ್ನೊಂದು ಗಂಟೆಗೆ ಬರುತ್ತೇನೆಂದು ಚೋಟಿ ಫೋನ್ ಮಾಡಿದ್ದೇ ತಡ, ನಾನು ಬುಧವಾರದಿಂದಲೇ ಮೇಜು ಒರೆಸಲು ಶುರು ಮಾಡಿದೆ. ಒರೆಸಿದ್ದನ್ನೇ ಒರೆಸುವುದು ನನ್ನ ಹಳೆಯ ಚಾಳಿ. ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ಇರುವವಳು ಎಷ್ಟು ಕೊಳೆ ಮಾಡಿಯಾಳು? ತೊಳೆಯಲು ಒಂದು ಲೋಟ, ಒಂದು ತಟ್ಟೆ. ಮಡಿಸಲು ಒಂದು ಹೊದಿಕೆ. ಬೆಳಗ್ಗೆ ಎಂಟಕ್ಕೆಲ್ಲ ದಿನದ ಕೆಲಸ ಮುಗಿದು, ದಿನ ಮಾತ್ರ ಹಾಗೇ ಉಳಿದಿರುತ್ತದೆ.

ಚೋಟಿ ನನ್ನ ಅಣ್ಣನ ಮಗಳು. ಹುಟ್ಟಿದಾಗ ಚೋಟುದ್ದ ಇದ್ದಳೆಂದು ಆ ಹೆಸರು ಬಿತ್ತು. ಈಗ ನನ್ನ ಅಡುಗೆಮನೆಯ ಬಾಗಿಲಲ್ಲಿ ತಲೆ ಬಗ್ಗಿಸಿ ಬರುತ್ತಾಳೆ, ಹೆಸರು ಮಾತ್ರ ಬೆಳೆಯಲಿಲ್ಲ. ಅವಳಿಗೀಗ ಮೂವತ್ತು, ಮಡಿಲಲ್ಲಿ ಐದು ತಿಂಗಳ ಹೆಣ್ಣುಮಗು. ಎರಡು ವರ್ಷದವಳಿದ್ದಾಗಿನಿಂದ ಮದುವೆಯಾಗಿ ಹೋಗುವವರೆಗೆ ಅವಳಿಗೆ ಜಡೆ ಹಾಕಿದ್ದು, ಜ್ವರ ಬಂದಾಗ ಪಕ್ಕದಲ್ಲಿ ಕೂತದ್ದು, ಲೆಕ್ಕ ತಪ್ಪಿದಾಗ ಕಿವಿ ಹಿಂಡಿದ್ದು ಎಲ್ಲ ನಾನೇ. ತಿಂಗಳಿಗೊಂದು ಸಲ ಬಂದು ಹೋಗುತ್ತಾಳೆ. ಉಳಿದ ದಿನ ನನ್ನ ಬಾಗಿಲ ಗಂಟೆಗೂ ನನ್ನ ಹಾಗೇ ನಿವೃತ್ತಿ.

ನಾನು ಮೂವತ್ತೊಂದು ವರ್ಷ ಒಂದು ಸಾರ್ವಜನಿಕ ಗ್ರಂಥಾಲಯದ ನೆಲಮಾಳಿಗೆಯಲ್ಲಿ ಹರಿದ ಪುಸ್ತಕ ರಿಪೇರಿ ಮಾಡಿದವಳು. ಹೊಲಿಗೆ ಬಿಟ್ಟದ್ದು, ರಟ್ಟು ಕಿತ್ತದ್ದು, ಓದುಗ ಮಹಾಶಯರು ಚಹಾ ಚೆಲ್ಲಿದ್ದು, ಎಲ್ಲ ಮೆಟ್ಟಿಲಿಳಿದು ನನ್ನ ಹತ್ತಿರ ಬರುತ್ತಿತ್ತು. ಅಲ್ಲಿ ಎಲ್ಲರೂ ನನ್ನನ್ನು ಅಂಟಮ್ಮ ಎನ್ನುತ್ತಿದ್ದರು. ಆಗ ಸಿಟ್ಟು ಬರುತ್ತಿತ್ತು. ಈಗ ಹಾಗೆ ಕರೆಯುವವರು ಯಾರಾದರೂ ಸಿಕ್ಕರೆ ಕೂರಿಸಿ ಚಹಾ ಕೊಟ್ಟೇನು. ಕೆಳಗಿನ ಅಂಗಡಿಯ ಗಡಿಯಾರ ರಿಪೇರಿಯವನು ನನ್ನನ್ನು ಕಂಡಾಗಲೆಲ್ಲ "ಹೇಗಿದ್ದೀರಿ" ಎನ್ನುತ್ತಾನೆ. ನಾನು ಬಾಯಿ ತೆರೆಯುವಷ್ಟರಲ್ಲಿ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಗ್ಗಿರುತ್ತಾನೆ. ಒಂಟಿತನ ಇದೆ ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ. ಇದೆ. ಸಂಜೆ ನಾಲ್ಕರಿಂದ ಆರರವರೆಗೆ ಸ್ವಲ್ಪ ಜಾಸ್ತಿ ಇರುತ್ತದೆ.

ಫೋನಿನಲ್ಲಿ ಚೋಟಿ ಹೇಳಿದ್ದಿಷ್ಟು: "ಅತ್ತೆ, ಮಗೂಗೆ ಒಂದು ಫೋಟೋ ಪುಸ್ತಕ ಮಾಡ್ಬೇಕು. ಅಂಗಡೀಲಿ ಸಿಗೋದಲ್ಲ. ನಮ್ಮ ಪ್ರವಾಸದ ಫೋಟೋಗಳಿಗೆ ನೀನು ಮಾಡಿದ್ಯಲ್ಲ, ಹಾಗೆ. ಎಲೆ, ದೋಣಿ, ರೈಲು ಟಿಕೆಟ್ಟು ಎಲ್ಲಾ ಅಂಟ್ಸಿ. ಆ ಹಳೇದನ್ನೂ ತೆಗೆದಿಡು, ನೋಡ್ಕೊಂಡು ಮಾಡೋಣ."

"ತೆಗೆದಿಡ್ತೀನಿ" ಎಂದೆ. ಫೋನಿಟ್ಟ ಮೇಲೆ ಮೇಜು ಒರೆಸುವ ಬಟ್ಟೆ ಎಲ್ಲಿಟ್ಟೆನೆಂದು ಮನೆಯೆಲ್ಲ ಹುಡುಕಿದೆ. ಅದು ಕೈಯಲ್ಲೇ ಇತ್ತು.

ಆ ಹಳೆಯ ಆಲ್ಬಮ್ಮಿನ ವಿಷಯ ಹೇಳಬೇಕು. ಅಣ್ಣ ರೈಲ್ವೆಯಲ್ಲಿದ್ದ. ವರ್ಷಕ್ಕೊಮ್ಮೆ ಮನೆಮಂದಿಗೆಲ್ಲ ಪಾಸ್ ಸಿಗುತ್ತಿತ್ತು. ಅಮ್ಮ, ಅಣ್ಣ, ಅತ್ತಿಗೆ, ನಾನು ಎಲ್ಲಾದರೂ ಹೊರಡುತ್ತಿದ್ದೆವು. ಒಂದು ವರ್ಷ ಸಮುದ್ರ, ಒಂದು ವರ್ಷ ಬೆಟ್ಟ, ಒಂದು ವರ್ಷ ದೀಪಸ್ತಂಭ. ಅಣ್ಣನ ಕ್ಯಾಮೆರಾಕ್ಕೆ ಟೈಮರ್ ಇತ್ತು. ಸೂಟ್‌ಕೇಸಿನ ಮೇಲೆ ಕ್ಯಾಮೆರಾ ಇಟ್ಟು, ಗುಂಡಿ ಒತ್ತಿ, ಓಡಿಬಂದು ನಮ್ಮ ನಡುವೆ ನಿಲ್ಲುತ್ತಿದ್ದ. ಹಾಗಾಗಿ ಪ್ರತಿ ಫೋಟೋದಲ್ಲೂ ಅವನು ಏದುಸಿರು ಬಿಡುತ್ತಿದ್ದಾನೆ. ಆ ಫೋಟೋಗಳನ್ನು ದಪ್ಪ ಕಪ್ಪು ಹಾಳೆಗಳಿಗೆ ಅಂಟಿಸಿ, ಬಿಳಿ ಶಾಯಿಯಲ್ಲಿ ಊರಿನ ಹೆಸರು ಬರೆದು, ಪಕ್ಕದಲ್ಲಿ ಟಿಕೆಟ್ಟು, ಬಣ್ಣದ ಕಾಗದದಲ್ಲಿ ಕತ್ತರಿಸಿದ ದೋಣಿ, ಸೂರ್ಯ, ಎಲೆ ಎಲ್ಲ ಜೋಡಿಸಿ, ಕೈಯಲ್ಲೇ ಹೊಲಿದು ಬೈಂಡ್ ಮಾಡಿದೆ. ಇಪ್ಪತ್ತೆಂಟು ವರ್ಷದ ಹಿಂದಿನ ಮಾತು. ನೋಡಿದವರೆಲ್ಲ "ಏನು ಕೈಚಳಕ ಮಾರಾಯ್ತಿ" ಎಂದು ಹೊಗಳಿದ್ದೇ ಹೊಗಳಿದ್ದು.

ಆ ಕೈಚಳಕದ ಗುಟ್ಟು ಹೇಳಿಬಿಡುತ್ತೇನೆ. ಅದರಲ್ಲಿ ಒಂದೇ ಒಂದು ಎಲೆಯೂ ಚೆಂದಕ್ಕೆ ಅಂಟಿಸಿದ್ದಲ್ಲ.

ಚೋಟಿಗೆ ಎರಡು ವರ್ಷವಾಗಿದ್ದಾಗ ಅತ್ತಿಗೆ ಮನೆ ಬಿಟ್ಟು ಹೋದಳು. ಅಣ್ಣ ಹೊಡೆದವನಲ್ಲ, ಬೈದವನಲ್ಲ. ಮಾತೇ ಆಡದವನು. ಮನೆಯಲ್ಲಿ ಮಾತಾಡುವ ಗುತ್ತಿಗೆಯನ್ನೆಲ್ಲ ಅಮ್ಮ ಹಿಡಿದಿದ್ದಳು. ಐದು ವರ್ಷ ಕೇಳಿಸಿಕೊಂಡ ಅತ್ತಿಗೆ ಇನ್ನೊಂದು ಊರಿನಲ್ಲಿ ನರ್ಸ್ ಕೆಲಸ ಹುಡುಕಿಕೊಂಡು, ಒಂದು ಬೆಳಗ್ಗೆ ಒಂದೇ ಒಂದು ಚೀಲ ಹಿಡಿದು ಹೊರಟಳು. ಬಾಡಿಗೆಗೆ ಒಂದು ಕೋಣೆ ಸಿಕ್ಕ ಕೂಡಲೇ ಬಂದು ಮಗುವನ್ನು ಕರೆದೊಯ್ಯುತ್ತೇನೆ, ಅಲ್ಲಿಯವರೆಗೆ ನೋಡಿಕೋ ಎಂದು ನನ್ನ ಕೈ ಹಿಡಿದು ಹೇಳಿದ್ದಳು. ಆ ಫೋಟೋಗಳೆಲ್ಲ ಆಗ ಅಂಗಡಿಯಲ್ಲಿ ಕೊಂಡ ಒಂದು ಆಲ್ಬಮ್ಮಿನಲ್ಲಿದ್ದವು. ಒಂದು ವಾರದ ಮೇಲೆ ಅಮ್ಮ ಅದನ್ನು ತಂದು ನನ್ನ ಮುಂದೆ ಹಾಕಿದಳು.

"ಅವಳ ಮುಖ ಈ ಮನೇಲಿ ಇರಕೂಡ್ದು. ಕತ್ತರಿ ಹಿಡಿಯೋದು ನಿನ್ನ ಕಸುಬು ತಾನೆ? ಕತ್ತರಿಸಿ ಒಲೆಗೆ ಹಾಕು."

ನಾನು ಎದುರು ಮಾತಾಡಲಿಲ್ಲ. ನನಗಾಗ ಮೂವತ್ತಾರು. ಪುಸ್ತಕಗಳ ಮೇಲೆ ಸಿಡುಕುವ, ಸಹೋದ್ಯೋಗಿಗಳ ಮೇಲೆ ರೇಗುವ ನಾನು ಅಮ್ಮನ ಮುಂದೆ ಮಾತ್ರ ಒದ್ದೆ ಕಾಗದ. ಕತ್ತರಿಸಿದೆ. ಕತ್ತರಿಸಲಾಗದೆ ಉಳಿದದ್ದನ್ನು, ಅಂದರೆ ಒಂದು ಮೊಣಕೈ, ಬಟ್ಟೆಯ ಒಂದು ಅಂಚು, ಗಾಳಿಗೆ ಹಾರಿದ ಕೂದಲು, ಬಣ್ಣದ ಕಾಗದ ಅಂಟಿಸಿ ಮುಚ್ಚಿದೆ. ಕೆರೆಯ ದಂಡೆಯ ಫೋಟೋದಲ್ಲಿ ಚೋಟಿ ನನ್ನ ಅಮ್ಮನ ತೊಡೆಯ ಮೇಲಿದ್ದಾಳೆ. ಆದರೆ ಬೀಳದ ಹಾಗೆ ಅವಳ ಹೊಟ್ಟೆಯ ಸುತ್ತ ಹಿಡಿದ ಕೈ ಅತ್ತಿಗೆಯದು. ಆ ಕೈ ಕತ್ತರಿಸಿದರೆ ಮಗುವನ್ನೇ ಕತ್ತರಿಸಬೇಕು. ಹಾಗಾಗಿ ಅದರ ಮೇಲೊಂದು ಹಸಿರು ಎಲೆ ಬಂತು.

ಇನ್ನೊಂದು ತೊಂದರೆಯಿತ್ತು. ಅತ್ತಿಗೆ ಯಾವಾಗಲೂ ನನ್ನ ಪಕ್ಕದಲ್ಲೇ ನಿಲ್ಲುತ್ತಿದ್ದಳು. ಸುಮ್ಮನೆ ನಿಲ್ಲುವುದಲ್ಲ, ತೋಳಿಗೆ ತೋಳು ಸಿಕ್ಕಿಸಿಕೊಂಡು, ಅಣ್ಣ ಓಡಿಬರುವ ಚೆಂದಕ್ಕೆ ಇಬ್ಬರೂ ಕಿಸಿಕಿಸಿ ನಗುತ್ತ. ನನ್ನ ಜೀವಮಾನದಲ್ಲಿ ನನಗಿದ್ದ ಗೆಳತಿ ಅವಳೊಬ್ಬಳೇ. ಅವಳನ್ನು ತೆಗೆಯಬೇಕೆಂದರೆ ನನ್ನ ಭುಜದ ಮೇಲೆ ಕತ್ತರಿ ಓಡಿಸಬೇಕು. ಕೈ ಬರಲಿಲ್ಲ. ಇಬ್ಬರನ್ನೂ ಒಟ್ಟಿಗೆ ಕತ್ತರಿಸಿ ತೆಗೆದೆ. ಹೊಸ ಆಲ್ಬಂ ಮುಗಿದಾಗ ಅಮ್ಮ ಕನ್ನಡಕ ಏರಿಸಿಕೊಂಡು ಒಂದೊಂದೇ ಪುಟ ತಪಾಸಣೆ ಮಾಡಿದಳು. ಸೊಸೆ ಇಲ್ಲವೆಂದು ಖಾತ್ರಿಯಾಯಿತು. ಮಗಳೂ ಇಲ್ಲವೆಂದು ಕಾಣಲಿಲ್ಲ. ಅಣ್ಣನಿಗೂ ಕಾಣಲಿಲ್ಲ.

ಕತ್ತರಿಸಿದ್ದನ್ನು ಒಲೆಗೆ ಹಾಕಿದೆನೆಂದು ಅಮ್ಮನಿಗೆ ಹೇಳಿದೆ. ಹಾಕಿರಲಿಲ್ಲ. ಫೋಟೋ ಅಂಟಿಸಿದ ಹಾಳೆಗಳು ಒಂದರ ಮೇಲೊಂದು ಬಂದಾಗ ಪುಸ್ತಕದ ಹೊಟ್ಟೆ ಉಬ್ಬುತ್ತದೆ, ಹೊಲಿಗೆ ಬೀಳುವ ಬೆನ್ನು ಮಾತ್ರ ಸಣಕಲಾಗಿ ಉಳಿದು ದಾರ ಕಿತ್ತುಬರುತ್ತದೆ. ಅದಕ್ಕೇ ಬೆನ್ನಿನ ಕಡೆ ಹಾಳೆ ಹಾಳೆಯ ನಡುವೆ ಅಷ್ಟೇ ದಪ್ಪದ ಪಟ್ಟಿ ಸೇರಿಸಿ ಹೊಲಿಯಬೇಕು. ಫೋಟೋದ ದಪ್ಪಕ್ಕೆ ಫೋಟೋದ ಕಾಗದಕ್ಕಿಂತ ಸರಿಯಾದದ್ದು ಯಾವುದಿದೆ? ಮೂರು ಬೆರಳಗಲದ ಹನ್ನೊಂದು ತುಂಡುಗಳು. ಒಂದೊಂದನ್ನೂ ಕಪ್ಪು ಕಾಗದದಲ್ಲಿ ಮಡಿಚಿ, ಬೆನ್ನಿನೊಳಗೆ ಇಟ್ಟು ಹೊಲಿದೆ. ಅಂಟು ಮುಟ್ಟಿಸಲಿಲ್ಲ. ಸೂಜಿ ಮುಖದ ಮೇಲೆ ಹೋಗದ ಹಾಗೆ ನೋಡಿಕೊಂಡೆ. ಆಲ್ಬಂ ಇವತ್ತಿಗೂ ನೆಟ್ಟಗೆ ನಿಲ್ಲುವುದು ಆ ಹನ್ನೊಂದು ತುಂಡುಗಳ ದೆಸೆಯಿಂದ.

ಅಮ್ಮ ಮಾತ್ರ ಬಂದವರಿಗೆಲ್ಲ "ನಾನೇ ನಿಂತು ಸುಡಿಸಿದೆ" ಎಂದು ಹೇಳುತ್ತಿದ್ದಳು. ನಾಲ್ಕು ವರ್ಷದ ಮೇಲೆ ಅತ್ತಿಗೆ ಆ ಊರಿನಲ್ಲೇ ಯಾವುದೋ ಜ್ವರದಲ್ಲಿ ತೀರಿಕೊಂಡಳೆಂದು ಒಂದು ಕಾಗದ ಬಂತು. ತಿಂಗಳು ತಡವಾಗಿ ಬಂದಿತ್ತು. ಅಮ್ಮ ಹೋಗಿ ಒಂಬತ್ತು ವರ್ಷ. ಅಣ್ಣ ಹೋದವರ್ಷ ಹೋದ. ಬೆನ್ನಿನೊಳಗೆ ಏನಿದೆಯೆಂದು ಬಲ್ಲವಳು ಈಗ ನಾನೊಬ್ಬಳೇ.

ಚೋಟಿ ಏಳು ವರ್ಷದವಳಿದ್ದಾಗ ನನ್ನ ಪಕ್ಕ ಕೂತು ಅಂಟಿಸುವುದನ್ನು ಕಲಿತಳು. ನಾನು ಹೇಳಿಕೊಟ್ಟದ್ದು ಒಂದೇ ಪಾಠ: ಯಾವತ್ತೂ ತೆಗೆಯಬಾರದ್ದಕ್ಕೆ ಪೂರ್ತಿ ಅಂಟು ಹಚ್ಚು, ಮುಂದೊಂದು ದಿನ ಎತ್ತಿ ನೋಡಬೇಕಾದ್ದಕ್ಕೆ ಒಂದಂಚಿಗೆ ಮಾತ್ರ ಹಚ್ಚು. ಆಗಲೇ ಒಮ್ಮೆ ಆಲ್ಬಂ ತಿರುವುತ್ತ ಕೇಳಿದ್ದಳು: "ಅತ್ತೆ, ನೀನ್ಯಾಕೆ ಯಾವ ಫೋಟೋದಲ್ಲೂ ಇಲ್ಲ?" ಇಪ್ಪತ್ತೆಂಟು ವರ್ಷದಲ್ಲಿ ನಾನೆಲ್ಲಿ ಎಂದು ಕೇಳಿದವಳು ಅವಳೊಬ್ಬಳೇ. "ಫೋಟೋ ತೆಗೀತಿದ್ದದ್ದು ನಾನಲ್ವೇನೇ" ಎಂದು ಸುಳ್ಳು ಹೇಳಿದೆ. ಮಗು ನಂಬಿತು.

ಶನಿವಾರ ಹನ್ನೊಂದೂ ಹತ್ತಕ್ಕೆ ಗಂಟೆ ಹೊಡೆಯಿತು. ಹತ್ತು ನಿಮಿಷ ತಡವಾಯಿತೆಂದು ನಾನು ಆಗಲೇ ಎರಡು ಸಲ ಕಿಟಕಿಯಿಂದ ಇಣುಕಿದ್ದೆ. ಚೋಟಿಯ ಒಂದು ಭುಜದಲ್ಲಿ ಚೀಲ, ಇನ್ನೊಂದು ಭುಜದ ಮೇಲೆ ನಿದ್ದೆ ಹೋದ ಮಗು. ಮಗುವನ್ನು ನನ್ನ ಹಾಸಿಗೆಯ ಮೇಲೆ ಮಲಗಿಸಿ, ಬೀಳದಂತೆ ಸುತ್ತ ದಿಂಬಿಟ್ಟು ಬಂದು, ಫೋಟೋಗಳನ್ನು ಮೇಜಿನ ಮೇಲೆ ಸುರಿದಳು.

"ಮೊದಲನೇ ಪುಟದಲ್ಲಿ ಇಬ್ರು ಅಜ್ಜಿಯರು ಅತ್ತೆ. ಈ ಕಡೆ ಇವರಮ್ಮ. ಆ ಕಡೆ..."

"ನಮ್ಮಮ್ಮಂದು ಒಂದು ಒಳ್ಳೇ ಫೋಟೋ ಇದೆ, ಕೊಡ್ತೀನಿ" ಎಂದೆ.

"ಅದು ಮುತ್ತಜ್ಜಿ ಆಗತ್ತೆ. ನಾನು ಹೇಳ್ತಿರೋದು ಅಜ್ಜಿ. ನಮ್ಮಮ್ಮ."

ಚೋಟಿಯ ಬಾಯಲ್ಲಿ ಆ ಮಾತನ್ನು ನಾನು ಅದೇ ಮೊದಲು ಕೇಳಿದ್ದು. ನಮ್ಮ ಮನೆಯಲ್ಲಿ ಅವಳು ಬೆಳೆದದ್ದೇ ಹಾಗೆ, ಆ ಮಾತು ಬರಬಹುದಾದ ಕಡೆಯಲ್ಲೆಲ್ಲ ಸುತ್ತುಹಾಕಿ ನಡೆಯುತ್ತ.

"ಅಜ್ಜಿ ಎಲ್ಲಾ ಸುಡಿಸಿಬಿಟ್ರು, ಗೊತ್ತು. ಆದ್ರೂ ಎಲ್ಲಾದ್ರೂ ಒಂದು? ಪಾಸ್‌ಪೋರ್ಟ್ ಸೈಜಿಂದಾದ್ರೂ?"

"ಇಲ್ಲ ಕಣೇ."

"ಮಗು ಕಿವಿ ನೋಡಿದ್ಯಾ? ಎಡಗಿವಿ? ಮೇಲ್ಗಡೆ ಮಡಿಚ್ಕೊಂಡಿದೆ. ಇವರ ಕಡೆ ಯಾರಿಗೂ ಇಲ್ವಂತೆ. ನಮ್ಮ ಕಡೆ ಅಪ್ಪಂಗಿಲ್ಲ, ಅಜ್ಜಿಗಿಲ್ಲ, ನಿಂಗಿಲ್ಲ, ನಂಗಿಲ್ಲ. ಬಂದವರೆಲ್ಲ ಕೇಳ್ತಾರೆ, ಯಾರ ಕಿವಿ ಅಂತ. ನಾನೇನು ಹೇಳ್ಲಿ? ನಂಗೆ ನಮ್ಮಮ್ಮನ ಮುಖನೇ ಗೊತ್ತಿಲ್ಲ ಅಂತ ಹೇಳ್ಲಾ?"

ಕಿವಿಯನ್ನು ನಾನು ನೋಡಿದ್ದೆ. ಆಸ್ಪತ್ರೆಯಲ್ಲಿ ಮಗುವನ್ನು ಮೊದಲ ಸಲ ಎತ್ತಿಕೊಂಡಾಗಲೇ ನೋಡಿದ್ದೆ. ಓದುವುದನ್ನು ನಿಲ್ಲಿಸಿದ ಕಡೆ ಪುಟದ ಮೂಲೆ ಮಡಿಚಿಟ್ಟ ಹಾಗಿತ್ತು. ಅತ್ತಿಗೆ ಕೂದಲನ್ನು ಯಾವಾಗಲೂ ಆ ಕಿವಿಯ ಮೇಲೆ ಎಳೆದುಕೊಳ್ಳುತ್ತಿದ್ದಳು. ಸಮುದ್ರದ ಗಾಳಿಗೆ ಮಾತ್ರ ಆ ಮುಚ್ಚುಮರೆ ನಡೆಯಲಿಲ್ಲ.

"ಹೋಗ್ಲಿ ಬಿಡು" ಎಂದಳು ಚೋಟಿ. "ಖಾಲಿ ಚೌಕ ಬಿಡ್ತೀನಿ. ಮಗು ದೊಡ್ಡೋಳಾಗಿ ಕೇಳಿದ್ರೆ ಖಾಲೀನೇ ತೋರಿಸ್ತೀನಿ." ಹಾಗೆನ್ನುತ್ತ ಹಳೆಯ ಆಲ್ಬಂ ಎಳೆದುಕೊಂಡಳು. ಕೆರೆಯ ಪುಟ ತೆರೆದು ಎಲೆಯ ಮೇಲೆ ಬೆರಳಾಡಿಸಿದಳು. "ಇಂಥದ್ದೇ ಎಲೆ ಬೇಕು. ಚಿಕ್ಕೋಳಿದ್ದಾಗ ಈ ಎಲೆ ಕಂಡ್ರೆ ನಂಗೆ ಎಷ್ಟು ಇಷ್ಟ ಗೊತ್ತಾ? ನನ್ನ ಹೊಟ್ಟೆ ಮೇಲೆ ಯಾಕೆ ಎಲೆ ಬಿದ್ದಿದೆ ಅಂತ ಕಥೆ ಕಟ್ಕೊಳ್ತಿದ್ದೆ."

ನಾನು ಅಂಟಿನ ಡಬ್ಬಿಯ ಮುಚ್ಚಳ ತಿರುಗಿಸುತ್ತ ಕೂತೆ. ಅದು ಆಗಲೇ ತೆರೆದಿತ್ತು.

ಚೋಟಿ ಪುಟ ತಿರುವುತ್ತಿದ್ದಳು. ಸಮುದ್ರ, ಬೆಟ್ಟ, ದೀಪಸ್ತಂಭ. ಅಲ್ಲಿ ನಿಂತಳು.

"ಅತ್ತೆ, ಅಪ್ಪ ಆಸ್ಪತ್ರೇಲಿದ್ದಾಗ ಈ ಫೋಟೋ ಕಥೆ ಹೇಳಿದ್ರು. ಸೂಟ್‌ಕೇಸ್ ಮೇಲೆ ಕ್ಯಾಮೆರಾ ಇಟ್ಟು ಓಡಿಬರ್ತಿದ್ರಂತೆ. ಒಂದ್ಸಲ ಎಡವಿ ಬಿದ್ರಂತೆ, ನೀವೆಲ್ಲ ನಕ್ಕಿದ್ರಂತೆ."

"ಹೂಂ, ಬಿದ್ದಿದ್ದ."

"ಮತ್ತೆ ಫೋಟೋ ತೆಗೀತಿದ್ದದ್ದು ನೀನು ಹೇಗೆ?"

ನಾನು ಏನು ಬೇಕಾದರೂ ಹೇಳಬಹುದಿತ್ತು. ಟೈಮರ್ ಆಮೇಲೆ ಬಂತು ಎನ್ನಬಹುದಿತ್ತು. ಫೋಟೋಕ್ಕೆ ನಿಲ್ಲಲು ನನಗೆ ಸಂಕೋಚ ಎನ್ನಬಹುದಿತ್ತು. ಚೋಟಿ ನಂಬುತ್ತಿದ್ದಳು, ನನ್ನನ್ನು ನಂಬಿಯೇ ಬೆಳೆದವಳು. ನಂಬಿ, ಖಾಲಿ ಚೌಕ ಬಿಟ್ಟು, ಚಹಾ ಕುಡಿದು, ಮುಂದಿನ ತಿಂಗಳು ಮತ್ತೆ ಬರುತ್ತಿದ್ದಳು. ಹೇಳಿದರೆ ಬರುತ್ತಾಳೆಂದು ಏನು ಗ್ಯಾರಂಟಿ? ನನಗಿರುವವಳು ಇವಳೊಬ್ಬಳು. ಇವಳೂ ಹೋದರೆ ಬುಧವಾರದಿಂದ ಮೇಜು ಒರೆಸುವುದು ಯಾರಿಗಾಗಿ? ನಾಚಿಕೆ ಬಿಟ್ಟು ಹೇಳುತ್ತೇನೆ, ಆ ಹೊತ್ತಿನಲ್ಲಿ ನಾನು ಅತ್ತಿಗೆಯ ಬಗ್ಗೆ ಯೋಚಿಸಲಿಲ್ಲ, ಮಗುವಿನ ಬಗ್ಗೆ ಯೋಚಿಸಲಿಲ್ಲ. ಬಾಗಿಲ ಗಂಟೆಯ ಬಗ್ಗೆ ಯೋಚಿಸಿದೆ.

ಒಳಗೆ ಮಗು ಎದ್ದು ಅತ್ತಿತು. ಚೋಟಿ ಎತ್ತಿಕೊಂಡು ಬಂದು ಎದುರಿಗೆ ಕೂತಳು. ಮಗು ಅವಳ ಭುಜದ ಮೇಲೆ ಮುಖ ಒರಗಿಸಿ ನನ್ನ ಕಡೆಗೆ ಕಿವಿ ತೋರಿಸಿತು.

"ಆ ಬ್ಲೇಡು ಕೊಡು" ಎಂದೆ.

"ಯಾಕೆ?"

"ಕೊಡೇ ಅಂದ್ರೆ."

ಆಲ್ಬಮ್ಮನ್ನು ಮಗುಚಿಹಾಕಿ ಬೆನ್ನಿನ ಬಟ್ಟೆಯನ್ನು ಮೇಲಿಂದ ಕೆಳಗೆ ಸೀಳಿದೆ. ಚೋಟಿ "ಅಯ್ಯೋ ಅತ್ತೆ!" ಎಂದು ಕೈ ಅಡ್ಡ ತಂದಳು. ನಾನು ಕೇಳಲಿಲ್ಲ. ಒಣಗಿದ ಅಂಟು ಪುಡಿಪುಡಿಯಾಗಿ ಒರೆಸಿದ ಮೇಜಿನ ಮೇಲೆಲ್ಲ ಉದುರಿತು. ನಾನೇ ಹಾಕಿದ ಹೊಲಿಗೆ, ಗಟ್ಟಿಯಾಗಿತ್ತು. ಒಂದೊಂದೇ ದಾರ ಕತ್ತರಿಸಿ, ಒಂದೊಂದೇ ಕಪ್ಪು ಕಾಗದ ಬಿಡಿಸಿ, ಹನ್ನೊಂದು ತುಂಡುಗಳನ್ನೂ ಅವಳ ಮುಂದೆ ಸಾಲಾಗಿ ಇಟ್ಟೆ. ಬೆಳಕು ಕಾಣದೆ ಇದ್ದದ್ದರಿಂದ ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. ಅಂಚಿನಲ್ಲಿ ಸೂಜಿಯ ತೂತುಗಳಿದ್ದವು. ಎಲ್ಲದರಲ್ಲೂ ಇಬ್ಬರು ಹೆಂಗಸರು ತೋಳಿಗೆ ತೋಳು ಸಿಕ್ಕಿಸಿಕೊಂಡು ನಿಂತಿದ್ದರು. ಒಬ್ಬಳು ನಾನು. ಸಮುದ್ರದ ತುಂಡಿನಲ್ಲಿ ಇನ್ನೊಬ್ಬಳ ಕೂದಲು ಗಾಳಿಗೆ ಹಾರಿ ಎಡಗಿವಿ ಪೂರ್ತಿ ಕಾಣುತ್ತಿತ್ತು.

ಚೋಟಿ ಸಮುದ್ರದ ತುಂಡು ಎತ್ತಿಕೊಂಡು ಮಗುವಿನ ಕಿವಿಯ ಹತ್ತಿರ ಹಿಡಿದಳು. ನಾನು ಎಲ್ಲ ಹೇಳಿದೆ. ಕೋಣೆ ಸಿಕ್ಕ ಕೂಡಲೇ ಬರುತ್ತೇನೆಂದು ಅತ್ತಿಗೆ ಹೋದದ್ದು, ಅಮ್ಮ ಹೇಳಿದ್ದು, ನಾನು ಕತ್ತರಿಸಿದ್ದು, ಸುಟ್ಟೆನೆಂದು ಸುಳ್ಳು ಹೇಳಿದ್ದು, ದೋಣಿಯ ಕೆಳಗೆ ಮೊಣಕೈ, ಸೂರ್ಯನ ಕೆಳಗೆ ಕೂದಲು, ಎಲೆಯ ಕೆಳಗೆ ಕೈ. ಅವಳು ಕೆರೆಯ ಹಾಳೆ ಎಳೆದುಕೊಂಡು ಎಲೆಯನ್ನು ಉಗುರಿನಿಂದ ಕೆದಕಿದಳು. ಪೂರ್ತಿ ಅಂಟು ಹಚ್ಚಿದ್ದೆ. ಎಲೆಯ ಜೊತೆಗೆ ಫೋಟೋದ ಪದರವೂ ಎದ್ದು ಬಂದು ಬಿಳಿ ಕಲೆಯೊಂದು ಉಳಿಯಿತು.

"ಅವರು ಮತ್ತೆ ಬರ್ಲೇ ಇಲ್ವಾ?" ಎಂದಳು. "ಕೋಣೆ ಸಿಕ್ಕಿದ್ಮೇಲೆ? ನನ್ನ ಕರ್ಕೊಂಡು ಹೋಗೋಕೆ?"

ಫೋಟೋದ ವಿಷಯ ಹೇಳುವುದು ಕಷ್ಟ ಎಂದುಕೊಂಡಿದ್ದೆ. ಅದು ಏನೂ ಅಲ್ಲವಾಗಿತ್ತು.

"ಬಂದಿದ್ಳು. ಎರಡು ಸಲ."

"ಮತ್ತೆ?"

"ಅಮ್ಮ ಬಾಗಿಲು ತೆಗೀಲಿಲ್ಲ. ಅಣ್ಣ ಡ್ಯೂಟಿ ಮೇಲಿದ್ದ. ಅವಳು ಹೊರಗೆ ನಿಂತು ನಿನ್ನ ಹೆಸರು ಹಿಡಿದು ಕೂಗ್ತಿದ್ಳು. ನಿಂಗೆ ಕೇಳಿಸಬಾರ್ದು ಅಂತ..." ಅಂಟಿನ ಡಬ್ಬಿಗೆ ಮುಚ್ಚಳ ಹಾಕಿದೆ. "ನಿನ್ನ ಎತ್ಕೊಂಡು ಒಳಗಿನ ಕೋಣೆಗೆ ಹೋಗಿ ರೇಡಿಯೋ ಜೋರು ಮಾಡ್ದೆ."

"ಅಜ್ಜಿ ಹೇಳಿದ್ರಾ, ಜೋರು ಮಾಡು ಅಂತ?"

ಹೌದು ಎಂದರೆ ಮುಗಿದುಹೋಗುತ್ತಿತ್ತು. ಸತ್ತವಳ ಮೇಲೆ ಇಷ್ಟೆಲ್ಲ ಹೊರಿಸಿದ್ದೇನೆ, ಇದೊಂದು ಹೆಚ್ಚೇ?

"ಇಲ್ಲ. ಅದು ನಾನೇ ಮಾಡಿದ್ದು. ನೀನು ಆಗ ನನ್ನ ಪಕ್ಕದಲ್ಲಿ ಮಲಗೋಕೆ ಶುರು ಮಾಡಿದ್ದೆ. ನಂಗೆ ನಿನ್ನ ಕೊಡೋಕೆ ಮನಸ್ಸಿರ್ಲಿಲ್ಲ."

ಚೋಟಿ ಎದ್ದಳು. ಹನ್ನೊಂದು ತುಂಡುಗಳನ್ನು ಒಂದರ ಮೇಲೊಂದು ಜೋಡಿಸಿ ಲಕೋಟೆಯಲ್ಲಿ ಹಾಕಿದಳು. ತನ್ನ ಫೋಟೋಗಳನ್ನು ಚೀಲಕ್ಕೆ ತುಂಬಿದಳು. ಮಗುವಿನ ಟೋಪಿ ಸರಿಮಾಡಿದಳು. ನಾನು ಬಾಗಿಲವರೆಗೆ ಹೋದೆ.

"ಚಹಾ ಆದ್ರೂ..." ಎಂದೆ. ಎಂಥ ಪೆದ್ದು ಮಾತು.

"ಬೇಡಿ" ಎಂದಳು. "ನೀವು ಒಳಗೆ ಹೋಗಿ."

ಮೂವತ್ತು ವರ್ಷದಲ್ಲಿ ಒಂದು ಸಲವೂ ಚೋಟಿ ನನಗೆ ನೀವು ಎಂದಿರಲಿಲ್ಲ. ಬೈದಿದ್ದಳು, ಬಾಗಿಲು ಬಡಿದಿದ್ದಳು, ಪರೀಕ್ಷೆಯ ಸಿಟ್ಟಿನಲ್ಲಿ ನನ್ನ ಅಂಟಿನ ಡಬ್ಬಿಗೆ ನೀರು ಸುರಿದಿದ್ದಳು. ಎಲ್ಲವೂ ನೀನು ಎನ್ನುತ್ತಲೇ. ಮೆಟ್ಟಿಲಲ್ಲಿ ಅವಳ ಚಪ್ಪಲಿಯ ಸದ್ದು ಮುಗಿಯುವವರೆಗೆ ನಿಂತಿದ್ದು ಒಳಗೆ ಬಂದೆ.

ಆರು ವಾರ ಅವಳು ಬರಲಿಲ್ಲ. ಮೊದಲ ವಾರ ನಾನು ಎರಡು ಸಲ ಫೋನ್ ಮಾಡಿದೆ. ರಿಂಗಾಗಿ ನಿಂತಿತು. ಮೂರನೆಯ ಸಲ ಮಾಡುವಷ್ಟು ಮುಖ ನನಗಿರಲಿಲ್ಲ. ಬೆನ್ನು ಸೀಳಿದ ಆಲ್ಬಂ ಮೇಜಿನ ಮೇಲೆ ಹಾಳೆಹಾಳೆಯಾಗಿ ಬಿದ್ದೇ ಇತ್ತು. ಹೊಲಿಯೋಣವೆಂದರೆ ಬೆನ್ನಿಗೆ ಪಟ್ಟಿಗಳಿಲ್ಲ. ಎತ್ತಿಡೋಣವೆಂದರೆ ಎತ್ತಿದ ಕಡೆ ಒಂದು ಹಾಳೆ ಜಾರುತ್ತದೆ. ಮೇಜು ಒರೆಸುವುದನ್ನು ಬಿಟ್ಟೆ. ಒಂದು ದಿನ ಗಡಿಯಾರದವನು ತಾನಾಗಿ ಭೂತಗನ್ನಡಿ ತೆಗೆದು "ಮೈಗೆ ಹುಷಾರಿಲ್ವಾ ಅಮ್ಮಾ?" ಎಂದು ಕೇಳಿದ. ಕೇಳಲಿ ಎಂದು ಎಷ್ಟೋ ವರ್ಷ ಕಾದಿದ್ದೆ. "ಚೆನ್ನಾಗಿದ್ದೀನಪ್ಪ" ಎಂದು ಮೇಲೆ ಬಂದೆ.

ಒಂದು ವಿಷಯ ಮಾತ್ರ ತಲೆ ಕೊರೆಯುತ್ತಿತ್ತು. ಆ ಹನ್ನೊಂದು ತುಂಡುಗಳಲ್ಲೂ ಅವಳ ಅಮ್ಮನ ಪಕ್ಕದಲ್ಲಿ ನಾನಿದ್ದೇನೆ. ತನ್ನ ಅಮ್ಮ ಮಾತ್ರ ಬೇಕೆಂದರೆ ಅವಳು ನನ್ನನ್ನು ಕತ್ತರಿಸಿ ತೆಗೆಯಬೇಕು. ಕತ್ತರಿ ಹಿಡಿಯಲು ನಾನೇ ಕಲಿಸಿದ್ದೇನೆ, ಅಂಚು ಸೊಟ್ಟಗಾಗುವುದಿಲ್ಲ.

ಏಳನೆಯ ವಾರ ಗಂಟೆ ಹೊಡೆಯಿತು. ಓಡಿದೆ. ಕೊರಿಯರ್‌ನವನು ಸಹಿ ಹಾಕಿಸಿಕೊಂಡು ಒಂದು ಚಪ್ಪಟೆ ಪೊಟ್ಟಣ ಕೊಟ್ಟು ಹೋದ. ಒಳಗೆ ಮಗುವಿನ ಪುಸ್ತಕದ ಬಿಡಿ ಹಾಳೆಗಳು, ಮೇಲೊಂದು ಚೀಟಿ. "ಹೊಲಿದು ಕೊಡಿ. ಬೇರೆ ಯಾರಿಗೂ ಸರಿಯಾಗಿ ಬರಲ್ಲ. ಮುಗಿದ ಮೇಲೆ ಫೋನ್ ಮಾಡಿ." ಅತ್ತೆ ಎಂದು ಇರಲಿಲ್ಲ. ಇಂತಿ ಎಂದೂ ಇರಲಿಲ್ಲ.

ಮೊದಲನೆಯ ಹಾಳೆ ತೆಗೆದೆ. ಈ ಕಡೆ ಅವಳ ಗಂಡನ ತಾಯಿ, ಕುರ್ಚಿಯಲ್ಲಿ ಗಂಭೀರವಾಗಿ ಕೂತಿದ್ದರು. ಆ ಕಡೆ ನೀಲಿ ಕಾಗದದ ಮೇಲೆ ಸಮುದ್ರದ ತುಂಡು. ಅತ್ತಿಗೆ ಕೂದಲು ಹಾರಿಸಿಕೊಂಡು, ಕಿವಿ ತೋರಿಸಿಕೊಂಡು ನಗುತ್ತಿದ್ದಳು. ಅವಳ ಪಕ್ಕದಲ್ಲಿ, ನಾನು ನಿಂತಿದ್ದ ಕಡೆ, ಒಂದು ಹಸಿರು ಎಲೆ.

ಎಲೆ ಚೆನ್ನಾಗಿ ಬಂದಿತ್ತು. ನರಗಳನ್ನು ಮೊಂಡು ಕಡ್ಡಿಯಿಂದ ಒತ್ತಿ ಮೂಡಿಸಿದ್ದಳು, ನಾನು ಹೇಳಿಕೊಟ್ಟ ಹಾಗೇ. ನನಗೆ ಸಿಟ್ಟು ಬರಲಿಲ್ಲ. ಸರಿಯಾಗಿಯೇ ಮಾಡಿದ್ದಾಳೆ ಎಂದುಕೊಂಡೆ. ಅಡುಗೆಮನೆಗೆ ಹೋಗಿ ಚಹಾ ಮಾಡಿ, ಕುಡಿಯದೆ ಅಲ್ಲೇ ಬಿಟ್ಟು, ನಲ್ಲಿಯ ಮುಂದೆ ನಿಂತು ಸ್ವಲ್ಪ ಹೊತ್ತು ಅತ್ತೆ. ಆಮೇಲೆ ಮುಖ ತೊಳೆದು ಮೇಜು ಒರೆಸಿದೆ. ಕೆಲಸ ಕೆಲಸವೇ.

ಹೊಲಿಯುವ ಮೊದಲು ಅಂಟಿಸಿದ್ದೆಲ್ಲ ಕಚ್ಚಿದೆಯೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಸವರಿ ನೋಡುವುದು ನನ್ನ ಪದ್ಧತಿ. ಹಳೆಯ ಆಲ್ಬಮ್ಮಿನ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಮೊದಲನೆಯ ಪುಟದಿಂದಲೇ ಶುರು ಮಾಡಿದೆ. ಗಂಡನ ತಾಯಿ ಗಟ್ಟಿ. ಸಮುದ್ರ ಗಟ್ಟಿ. ಎಲೆಯ ಮೇಲೆ ಬೆರಳು ಹೋದಾಗ ಅದು ಬಲಗಡೆಯಿಂದ ಎದ್ದಿತು. ಅಂಟು ಸಾಲದೆ ಹೋಯಿತೆಂದು ಬಗ್ಗಿ ನೋಡಿದೆ. ಸಾಲದೆ ಹೋದದ್ದಲ್ಲ. ಎಡಗಡೆಯ ಒಂದಂಚಿಗೆ ಮಾತ್ರ, ನೆಟ್ಟಗೆ, ಒಂದು ಗೆರೆಯಷ್ಟು ಹಚ್ಚಿದ್ದಳು. ಎತ್ತಿದೆ. ಕೆಳಗೆ ನಾನು ಇದ್ದೆ, ಅತ್ತಿಗೆಯ ತೋಳಿಗೆ ತೋಳು ಸಿಕ್ಕಿಸಿಕೊಂಡು, ಬಾಯಿ ತುಂಬ ನಗುತ್ತ. ಎಲ್ಲೂ ಕತ್ತರಿ ಬಿದ್ದಿರಲಿಲ್ಲ.

ಎಲೆ ಮುಚ್ಚಿದೆ. ಇನ್ನೊಂದು ಸಲ ಎತ್ತಿ ನೋಡಿದೆ. ಮೂರನೆಯ ಸಲ ಎತ್ತಲಿಲ್ಲ. ಅದನ್ನು ಎತ್ತಬೇಕಾದವಳು ನಾನಲ್ಲ.

ಬೆನ್ನಿಗೆ ಈ ಸಲ ಬರೀ ಬಿಳಿ ಕಾಗದದ ಪಟ್ಟಿಗಳನ್ನು ಕತ್ತರಿಸಿದೆ. ಎಣಿಸಿ, ಮಡಿಚಿ, ಒಂದೊಂದರಲ್ಲೂ ಏನೂ ಇಲ್ಲವೆಂದು ನೋಡಿಯೇ ಸೇರಿಸಿದೆ. ಹೊಲಿಗೆ ಮುಗಿದಾಗ ಗಂಟೆ ನಾಲ್ಕಾಗಿತ್ತು. ಬೆನ್ನಿಗೆ ಬಟ್ಟೆ ಅಂಟಿಸಿ, ಪುಸ್ತಕ ಮುಚ್ಚಿ, ಮೇಲೆ ಭಾರ ಇಟ್ಟೆ. ಎರಡು ದಿನ ಒಣಗಬೇಕು, ಆಮೇಲೆ ಫೋನ್ ಮಾಡಬಹುದು. ಭಾರ ಇಟ್ಟು ಎರಡು ಹೆಜ್ಜೆ ನಡೆದವಳು ವಾಪಸ್ ಬಂದು ಭಾರ ಇಳಿಸಿದೆ. ಮೊದಲನೆಯ ಪುಟ ತೆರೆದು ಎಲೆಯ ಕೆಳಗೆ ಒಂದು ತೆಳ್ಳನೆಯ ಮೇಣದ ಕಾಗದ ಸೇರಿಸಿದೆ. ಬೆನ್ನಿನ ಹಸಿ ಅಂಟಿನ ತೇವಕ್ಕೆ, ಮೇಲಿನ ಭಾರಕ್ಕೆ ಆ ಒಂದು ಗೆರೆ ಅಂಟು ಹರಡಿ, ಎಲೆ ಪೂರ್ತಿ ಕಚ್ಚಿಕೊಂಡುಬಿಡಬಾರದಲ್ಲ.